ಸಾವಳಗಿ ಗೌಡರ ಟ್ರ್ಯಾಕ್ಟರಿನ ಸೀಲು

ಹುಟ್ಟಿಸುವಾಗಲೇ ಒಬ್ಬೊಬ್ಬರಿಗೆ ಒಂದೊಂದು ಅಳತೆ ಕೊಟ್ಟು ಕಳಿಸಿದ ಶಿವನಿಗೆ ಮೊದಲು ಶರಣು.

ಜಮಖಂಡಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ನಾನು ಸರ್ವಿಸ್ ನೋಡಿಕೊಳ್ಳುತ್ತಿದ್ದಾಗ ನನ್ನ ಹಣೆಯ ವಿಭೂತಿ ಎಷ್ಟು ಖಾಯಂ ಇತ್ತೋ, ಗಿರಾಕಿಗಳ ಒಂದು ಪ್ರಶ್ನೆಯೂ ಅಷ್ಟೇ ಖಾಯಂ: "ಇದು ಇದಕ್ಕಿಂತ ಜೋರು ಯಾಕ ಓಡವಲ್ದರಿ?" ಅವರಲ್ಲಿ ಸಾವಳಗಿಯ ಗೌಡರ ಕತೆ ಮಾತ್ರ ಹೇಳುತ್ತೇನೆ. ಅವರೊಬ್ಬರೇ ಸಾಕು.

೧. ಮೀಟರಿನಲ್ಲಿ ಉಳಿದ ಜಾಗ

ಹೊಸ ಟ್ರ್ಯಾಕ್ಟರಿಗೆ ಪೂಜೆ ಮಾಡಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಕಳಿಸಿದ ವಾರದಲ್ಲೇ ಗೌಡರು ತಿರುಗಿ ಬಂದರು. ಮೀಟರಿನಲ್ಲಿ ಇನ್ನೂ ಜಾಗ ಇದೆ, ಮುಳ್ಳು ಅಲ್ಲಿಗೆ ಹೋಗುತ್ತಿಲ್ಲ ಎಂಬುದು ಅವರ ದೂರು. ಇಷ್ಟಕ್ಕಿಂತ ಜೋರು ಓಡದಂತೆ ಕಂಪನಿಯವರೇ ವೇಗ ಕಟ್ಟಿ ಸೀಲು ಹಾಕಿರುತ್ತಾರೆ, ಎಂಜಿನ್ನಿಗೆ ಓಡುವ ತಾಕತ್ತು ಇದ್ದರೆ ಸಾಲದು, ಹಿಂದಿನ ಭಾರ ತಡೆದು ನಿಲ್ಲಿಸುವ ತಾಕತ್ತು ಬ್ರೇಕಿಗೂ ಬೇಕಲ್ಲ ಎಂದು ತಿಳಿಸಿ ಹೇಳಿದೆ. ಅವರ ಮುಖದ ಗಂಟು ಸಡಿಲಾಗಲಿಲ್ಲ.

"ಗೌಡ್ರ, ಬುಟ್ಟಿ ತುಂಬ ರೊಟ್ಟಿ ಇದ್ರ ಅಷ್ಟೂ ಉಣ್ಣಾಕ ಆಕ್ಕೈತೇನ್ರಿ?" ಎಂದೆ.

ಗೌಡರು ಯೋಚಿಸಿ, "ಪಲ್ಯಾ ಯಾವ್ದು ಐತ್ರಿ?" ಎಂದರು.

೨. ಮನೆದೇವರು

ಚಹಾ ಕುಡಿಯುವಾಗ ಖರೆ ಸಂಗತಿ ಹೊರಬಿತ್ತು. ರನ್ನ ಬೆಳಗಲಿಯಲ್ಲಿದ್ದ ಅವರ ಹೆಂಡತಿಯ ತಮ್ಮ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳು ನಿಲ್ಲುವ ಪಾಳಿಯಲ್ಲಿ ಪ್ರತಿ ಸಲವೂ ಇವರಿಗಿಂತ ಮುಂದೆ. ಹಿಂದೆ ಬಿದ್ದವನ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ಅದನ್ನಾದರೂ ಗೌಡರು ತಡೆದುಕೊಂಡಾರು. ಆದರೆ ಮುಂದೆ ನಿಂತವನು, "ಯಾಕ ಮಾವಾ, ಎತ್ತಿನ ಬಂಡ್ಯಾಗ ಬಂದ್ಯೇನು?" ಅನ್ನುತ್ತಾನೆ, ಅದು ಮನೆಯವರೆಗೂ ಮುಟ್ಟಿ ಹೆಂಡತಿಯೂ ನಗುತ್ತಾಳೆ.

ಸೀಲು ಒಡೆದು ಕೊಡಿ ಎಂದರು. ನಾನು ಕೈಮುಗಿದು ಒಲ್ಲೆನೆಂದೆ.

"ದೇವರಂಥ ಮನುಷ್ಯಾ ಅಂತ ಊರೆಲ್ಲಾ ಹೇಳ್ತಿತ್ತು. ಖರೆ ಐತಿ ಬಿಡ್ರಿ" ಎಂದು ಗೌಡರು ಎದ್ದರು. "ನಮ್ಮ ಮನಿದೇವ್ರೂ ಹಿಂಗ ಅದಾನ. ಕೇಳಿದ್ದು ಒಂದೂ ಕೊಡೂದಿಲ್ಲ."

೩. ಹೂವಿನಂಥ ಓಟ

ಸೀಲನ್ನು ಬೇರೆಲ್ಲೋ ಒಡೆಸಿದರು. ಮುಂದಿನದನ್ನು ಅವರೇ ನನಗೆ ಹೇಳಿದ್ದು.

ಹಿಂದೆ ಎರಡು ಟ್ರೇಲರ್ ಕಬ್ಬು, ತಲೆಯ ಮೇಲೆ ಟೇಪಿನ ಹಾಡಿನ ಅಬ್ಬರ. ಹುನ್ನೂರ ಹತ್ತಿರ ಒಂದು ತಗ್ಗು ಹಾರಿದ ಮೇಲಂತೂ ಟ್ರ್ಯಾಕ್ಟರ್ ಹೂವಿನಷ್ಟು ಹಗುರಾಗಿ ಹಾರತೊಡಗಿತು. ಸೀಲು ತೆಗೆದ ಗುಣವೇ ಇದು ಎಂದುಕೊಂಡು ಗೌಡರು ಇನ್ನಷ್ಟು ಒತ್ತಿದರು. ಕಾರ್ಖಾನೆಯ ಗೇಟಿಗೆ ಅವರೇ ಮೊದಲಿಗರು. ಮೀಸೆ ತಿರುವಿ ಕೂತರು. ಗೇಟಿನವನು ಟ್ರ್ಯಾಕ್ಟರಿನ ಹಿಂದೆ ಹೋಗಿ ನೋಡಿದ, ಮುಂದೆ ಬಂದ, ಟೇಪು ಸಣ್ಣ ಮಾಡಲು ಹೇಳಿ ಕೇಳಿದ:

"ಗೌಡ್ರ, ಕಬ್ಬು ಎಲ್ಲೈತ್ರಿ?"

ತಗ್ಗು ಹಾರಿದಾಗಲೇ ಟ್ರೇಲರು ಜೋಡಿಸಿದ ಕೊಂಡಿಯ ಪಿನ್ನು ಕಿತ್ತು, ಎರಡೂ ಟ್ರೇಲರು ದಾರಿ ಪಕ್ಕದ ಹೊಲಕ್ಕಿಳಿದು ನಿಂತಿದ್ದವು. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲದಂತೆ ನೋಡಿಕೊಂಡವನು ಶಿವ. ಅಷ್ಟರಲ್ಲಿ ಭಾವಮೈದುನ ಬಂದು ಮುಟ್ಟಿದ.

"ಮಾವಾ, ಮುಂದ ಬಂದಿ ಖರೆ. ನಿನ್ನ ಕಬ್ಬನ್ನ ಅಲ್ಲಿ ಎಮ್ಮಿಗೋಳು ತಿನ್ನಾಕತ್ತಾವು."

ಮರುದಿನ ಗೌಡರು ನನ್ನ ಮುಂದೆ ನಿಂತು ಸೀಲು ಹಚ್ಚಿಸಿಕೊಂಡರು. ಹೊರಡುವಾಗ ದನಿ ತಗ್ಗಿಸಿದರು: "ಇನ್ನೊಂದು ಸೀಲ್ ಐತೇನ್ರಿ? ಗಾಡಿಗಲ್ಲರಿ. ಮನ್ಯಾಕಿ, ನಿನಗೂ ಒಂದು ಹಚ್ಚಿಸ್ಕೊಂಡ ಬಾ ಅಂದಾಳ."

ಇಷ್ಟು ಕೇಳಿದ ನಿಮ್ಮೆಲ್ಲರನ್ನೂ ಶಿವನು ತಡವಾದರೂ ಸುಖವಾಗಿ ಮುಟ್ಟಿಸಲಿ, ಹಿಂದಿನ ಟ್ರೇಲರು ಸಮೇತ.