ಒಂದೂವರೆ ಲೋಟ ಎತ್ತರದ ಕೂಲರು

ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವನಿಗೆ ನಮ್ಮಲ್ಲಿ ಆರಂಭಶೂರ ಎಂಬ ಬಿರುದಿದೆ. ನನಗೆ ಅದು ಮದುವೆಯಾದ ಎರಡನೆಯ ವರ್ಷವೇ ಸಂದಿತು. ಪ್ರದಾನ ಮಾಡಿದವಳು ನನ್ನ ಹೆಂಡತಿ ಸುಮತಿ. ಬಾಯಿಮಾತಿಗೆ ಕೊಟ್ಟದ್ದಲ್ಲ, ಅವಳ ಬಳಿ ದಾಖಲೆಗಳಿವೆ. ಮಂಚದ ಕೆಳಗೆ ಒಂದು ಹಾರ್ಮೋನಿಯಂ ಇದೆ, ಅದಕ್ಕೆ ಸರಿಗಮದ ಆಚೆಗೆ ಏನೂ ಗೊತ್ತಿಲ್ಲ. ಬಾಲ್ಕನಿಯಲ್ಲಿ ವ್ಯಾಯಾಮದ ಸೈಕಲ್ಲಿದೆ, ಅದರ ಮೇಲೆ ಟವೆಲ್ ಚೆನ್ನಾಗಿ ಒಣಗುತ್ತದೆ. ಮೂವತ್ತು ದಿನಗಳಲ್ಲಿ ಉರ್ದು ಕಲಿಸುತ್ತೇವೆಂದು ಹೇಳುವ ಪುಸ್ತಕವೊಂದಿದೆ, ಅದರ ಒಂಬತ್ತನೆಯ ದಿನದಲ್ಲಿ ನಾನು ಇಟ್ಟ ಬಸ್ ಟಿಕೆಟು ಈಗಲೂ ಹಾಗೇ ಇದೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾವನ್ನೂ ಒಂದೂವರೆ ವರ್ಷಕ್ಕೆ ಬಿಟ್ಟವನು ನಾನು. ಅದರಲ್ಲಿ ಮಾತ್ರ ನನ್ನ ತಪ್ಪಿರಲಿಲ್ಲ. ದಿಲ್ಲಿಯ ರೋಹಿಣಿ ಬಡಾವಣೆಯ ನಮ್ಮ ಇಡ್ಲಿ-ದೋಸೆ ಹೋಟೆಲಿನ ಗಲ್ಲಾದಲ್ಲಿ ಕೂರಲು ಜನ ಬೇಕೆಂದು ಅಪ್ಪ ಊರಿನಿಂದ ಕರೆಸಿಕೊಂಡರು, ನಾನು ಬಂದು ಕೂತೆ. ಆದರೆ ಆ ಅರ್ಧ ಓದು ಹೊಟ್ಟೆಯಲ್ಲಿ ಕರಗದೆ ಉಳಿದಿತ್ತು ಎನ್ನುವುದು ನಲವತ್ತೆರಡನೆಯ ವಯಸ್ಸಿನಲ್ಲಿ, ಮನೆಗೆ ಹೊಸ ಕಂಪ್ಯೂಟರ್ ಬಂದಾಗ ಗೊತ್ತಾಯಿತು.

ಕಂಪ್ಯೂಟರಿನ ಪ್ರೊಸೆಸರಿಗೆ ಕಂಪನಿಯವರು ಇಷ್ಟೇ ವೇಗ ಎಂದು ಗೊತ್ತುಮಾಡಿ ಕಳಿಸುತ್ತಾರೆ. ಸೆಟ್ಟಿಂಗಿಗೆ ಕೈಹಾಕಿ ಅದನ್ನು ಅದಕ್ಕಿಂತ ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಓಡಿಸಿದಷ್ಟೂ ಅದು ಕಾಯುತ್ತದೆ, ಮಿತಿ ಮೀರಿದರೆ ತಾನೇ ಆರಿಹೋಗುತ್ತದೆ. ನನ್ನದು ಒಂದು ಪಾಯಿಂಟ್ ಎಂಟು ಗಿಗಾಹರ್ಟ್ಸಿನದು. ಅದೇ ಪ್ರೊಸೆಸರನ್ನು ಮೂರರವರೆಗೆ ಓಡಿಸಿ, ಹನ್ನೆರಡು ಗಂಟೆ ಬಿಡದೆ ಲೆಕ್ಕ ಮಾಡಿಸುವ ಒಂದು ಟೆಸ್ಟಿನಲ್ಲಿ ಪಾಸು ಮಾಡಿಸಿದವರ ಪಟ್ಟಿಯೊಂದು ಇಂಟರ್ನೆಟ್ಟಿನ ಒಂದು ತಾಣದಲ್ಲಿತ್ತು. ಓವರ್‌ಕ್ಲಾಕಿಂಗಿನ ಹುಚ್ಚು ಹಿಡಿದವರೆಲ್ಲ ಸೇರಿ ಹರಟುವ ಜಾಗ ಅದು. ಎಲ್ಲ ಕಾಲೇಜು ಹುಡುಗರು. ಆ ಪಟ್ಟಿಯಲ್ಲಿ ನನ್ನ ಹೆಸರೂ ಬರಬೇಕೆಂದು ನನಗೆ ಆಸೆಯಾಯಿತು. ಮೇ ತಿಂಗಳ ಮೊದಲ ವಾರ ಹಾಗೆಂದು ಬರೆದೆ. ಪುಣೆಯವನೊಬ್ಬ ಉತ್ತರಿಸಿದ: "ದಿಲ್ಲಿಯ ಬೇಸಿಗೆಯಲ್ಲಿ ಬರೀ ಗಾಳಿಯಿಂದ ಆಗುವ ಕೆಲಸವಲ್ಲ. ಡಿಸೆಂಬರ್ ತನಕ ಕಾಯಿರಿ, ಅಂಕಲ್." ಕಾಯಿರಿ ಎಂದದ್ದನ್ನು ನಾನು ಸಹಿಸಿಕೊಳ್ಳುತ್ತಿದ್ದೆ. ಅಂಕಲ್ ಎಂದದ್ದನ್ನು ಸಹಿಸಲಾಗಲಿಲ್ಲ. ಮೇ ಮುಗಿಯುವುದರೊಳಗೆ ಮಾಡಿ ತೋರಿಸುತ್ತೇನೆ ಎಂದು ಅಲ್ಲಿಯೂ ಬರೆದೆ, ಊಟಕ್ಕೆ ಕೂತಾಗ ಮನೆಯಲ್ಲಿಯೂ ಹೇಳಿದೆ.

"ಮೆನು ಟೈಪ್ ಮಾಡ್ಲಿಕ್ಕೆ ಅಷ್ಟು ಸ್ಪೀಡ್ ಎಂತಕ್ಕೆ?" ಎಂದಳು ಸುಮತಿ. ಒಂಬತ್ತನೇ ಕ್ಲಾಸಿನ ಮಗಳು ನಿಧಿ, "ಪಪ್ಪಾ, ರೆಹನೇ ದೋ ನಾ, ಬಿಟ್ಬಿಡಿ. ಈಗ್ಲೇ ಫಾಸ್ಟ್ ಇದೆ," ಎಂದಳು. ನಾನು ಸಾಧನೆ, ಛಲ ಮೊದಲಾದ ವಿಷಯಗಳನ್ನು ವಿವರಿಸಿದೆ. ಸುಮತಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಾರು ಬಡಿಸುತ್ತ, "ಇದೂ ಮಂಚದ ಕೆಳಗೆ ಹೋಗುವುದಾದ್ರೆ ಈಗ್ಲೇ ಹೇಳಿ ಬಿಡಿ. ಹಾರ್ಮೋನಿಯಂ ಸ್ವಲ್ಪ ಆಚೆ ಸರಿಸಿ ಜಾಗ ಮಾಡ್ತೇನೆ," ಎಂದಳು. ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಅವಳು ಮನೆಯ ಅನುಕೂಲಕ್ಕಾಗಿ ಕೇಳಿದ್ದಳು. ನನಗೆ ನಿಜವಾಗಿ ಅವಮಾನವಾಯಿತು. ಬೇರೆ ಏನು ಬಿಟ್ಟರೂ ಇದೊಂದನ್ನು ಮುಗಿಸದೆ ಬಿಡುವುದಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಪ್ರೊಸೆಸರನ್ನು ತಣ್ಣಗಿಡಲು ನೀರು ಹರಿಸುವ ಪದ್ಧತಿಯೂ ಉಂಟು. ನಮ್ಮ ಸೆಕ್ಟರಿನಲ್ಲಿ ಮನುಷ್ಯರ ಸ್ನಾನಕ್ಕೇ ನೀರು ಬೆಳಿಗ್ಗೆ ಒಂದು ಗಂಟೆ ಬಂದು ಹೋಗುತ್ತದೆ, ಆದ್ದರಿಂದ ಆ ಯೋಚನೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯವನ್ನೂ ನಾನು ಮಾಡಲಿಲ್ಲ. ಉಳಿದದ್ದು ಗಾಳಿಯ ಕೂಲರು: ಪ್ರೊಸೆಸರಿನ ನೆತ್ತಿಯ ಮೇಲೆ ಕೂರುವ ಲೋಹದ ಹಲ್ಲುಗಳ ರಾಶಿ, ಅದಕ್ಕೊಂದು ಫ್ಯಾನು. ಹದಿನೈದು ದಿನ ಇದನ್ನೇ ಓದಿದೆ. ಗಲ್ಲಾದಲ್ಲಿ ಕೂತು ಓದಿದೆ, ಮೆಟ್ರೋದಲ್ಲಿ ನಿಂತು ಓದಿದೆ. ಪೂರ್ತಿ ತಾಮ್ರದ್ದು ಗಿಡ್ಡವಾಗಿರುತ್ತದೆ, ಆದರೆ ಅದರ ಫ್ಯಾನು ಮಿಕ್ಸಿಯಂತೆ ಕೂಗುತ್ತದೆ. ಅಗಲದ್ದು ಪಕ್ಕದ ಮೆಮೊರಿಯ ಮೇಲೆ ಕೂರುತ್ತದೆ. ಗೋಪುರದಂತೆ ಎದ್ದು ನಿಲ್ಲುವ, ತಾಮ್ರದ ಕೊಳವೆಗಳಿರುವ ಬಗೆಯೇ ಎಲ್ಲಕ್ಕಿಂತ ಉತ್ತಮ. ಆದರೆ ಅದರಲ್ಲಿ ಕೆಲವು ಎಷ್ಟು ಎತ್ತರವೆಂದರೆ ಹಾಕಿದ ಮೇಲೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚುವುದಿಲ್ಲ. ಹೀಗಾಗಿ ಒಳಗಿನ ಜಾಗ ಅಳೆಯಬೇಕಾಯಿತು. ನಿಧಿಯ ಸ್ಕೇಲು ಶಾಲೆಗೆ ಹೋಗಿತ್ತು. ಕೈಗೆ ಸಿಕ್ಕಿದ್ದು ಹೋಟೆಲಿನ ಸ್ಟೀಲ್ ಲೋಟ. ಇಟ್ಟು ನೋಡಿದೆ, ಸರಿಯಾಗಿ ಒಂದೂವರೆ ಲೋಟ ಎತ್ತರ.

ಆ ಲೋಟವನ್ನು ಚೀಲದಲ್ಲಿ ಹಾಕಿಕೊಂಡೇ ಕಂಪ್ಯೂಟರ್ ಸಾಮಾನಿನ ಪೇಟೆಯಾದ ನೆಹರೂ ಪ್ಲೇಸಿಗೆ ಹೋದೆ. ರೋಹಿಣಿಯಿಂದ ಅಲ್ಲಿಗೆ ಮೆಟ್ರೋ, ಮತ್ತೊಂದು ಮೆಟ್ರೋ, ಆಮೇಲೆ ಆಟೋ. ಬಿಸಿಗಾಳಿಯಲ್ಲಿ ಮುಖಕ್ಕೆ ಒದ್ದೆ ಕರವಸ್ತ್ರ ಕಟ್ಟಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದೆ. ಮೊದಲನೆಯ ಅಂಗಡಿಯಲ್ಲಿ ನಾನು ಲೋಟ ಹೊರತೆಗೆದ ಕೂಡಲೇ ಅಂಗಡಿಯವನು, "ಅಚ್ಛಾ, ಬೈಠಿಯೇ," ಎಂದು ಕೂರಿಸಿ ಬಾಟಲಿಯಿಂದ ಅದಕ್ಕೆ ತಣ್ಣೀರು ಸುರಿದ. ಒಳ್ಳೆಯ ಮನುಷ್ಯ. ನೀರನ್ನು ಕುಡಿದು, ಲೋಟ ಒರೆಸಿ, ಅದನ್ನು ಅವನ ಕೂಲರುಗಳ ಪಕ್ಕದಲ್ಲಿ ಒಂದೊಂದಾಗಿ ಇಟ್ಟು ನೋಡತೊಡಗಿದೆ. "ಭಾಯಿ ಸಾಬ್, ಡಬ್ಬದ ಮೇಲೆ ಮಿಲಿಮೀಟರ್ ಬರೆದಿದೆ," ಎಂದು ಅವನು ಕೊನೆಗೆ ಮೆಲ್ಲಗೆ ಹಿಂದಿಯಲ್ಲಿ ಹೇಳಿದ. "ನನ್ನ ಕ್ಯಾಬಿನೆಟ್ ಲೋಟದಲ್ಲಿದೆ," ಎಂದೆ. ಐದನೆಯ ಅಂಗಡಿಯಲ್ಲಿ ಒಂದೂವರೆ ಲೋಟಕ್ಕಿಂತ ಕೂದಲೆಳೆಯಷ್ಟು ಕಡಿಮೆಯದೊಂದು ಸಿಕ್ಕಿತು. ಮಾರಿದ ಮಾಲು ವಾಪಸಿಲ್ಲ ಎಂಬ ಬೋರ್ಡಿನ ಕೆಳಗೆ ನಿಂತು, ದೇವರನ್ನು ನೆನೆದು, ಅದನ್ನೇ ತೆಗೆದುಕೊಂಡೆ. ತೂಕ ಮುಕ್ಕಾಲು ಕಿಲೋ ಇತ್ತು. ಬರುವಾಗ ಮೆಟ್ರೋದ ಭದ್ರತೆಯವರಿಗೆ ಅದೇನೆಂದು ವಿವರಿಸುವುದರಲ್ಲಿ ಎರಡು ರೈಲು ತಪ್ಪಿದವು.

ಈಗ ನನ್ನ ಮೂರ್ಖತನದ ಅಧ್ಯಾಯ. ಪ್ರೊಸೆಸರಿಗೂ ಕೂಲರಿಗೂ ನಡುವೆ ಶಾಖ ದಾಟಲೆಂದು ಬೂದು ಬಣ್ಣದ ಒಂದು ಪೇಸ್ಟ್ ಹಚ್ಚಬೇಕು. ಅಕ್ಕಿಕಾಳಿನಷ್ಟು ಸಾಕು ಎಂದು ಎಲ್ಲರೂ ಬರೆದಿದ್ದರು. ನನಗೆ ಅದು ಜಿಪುಣರ ಮಾತೆನಿಸಿತು. ಮೂರು ತಲೆಮಾರಿನಿಂದ ಬಡಿಸುತ್ತ ಬಂದ ಮನೆತನ ನಮ್ಮದು, ಅಕ್ಕಿಕಾಳಿನಷ್ಟು ಬಡಿಸಿ ಗೊತ್ತಿಲ್ಲ. ಟ್ಯೂಬನ್ನು ಪೂರ್ತಿ ಹಿಂಡಿದೆ. ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹರಡಿದೆ. ಅಂಚು ಅಷ್ಟು ದುಂಡಗೆ ಬಂದದ್ದನ್ನು ನೋಡಿ ನನಗೇ ಹೆಮ್ಮೆಯಾಯಿತು. ಕೂಲರು ಕೂರಿಸಿ, ವೇಗ ಮೂರಕ್ಕೆ ಏರಿಸಿ, ಟೆಸ್ಟ್ ಶುರುಮಾಡಿದೆ. ಎಂಟು ನಿಮಿಷಕ್ಕೆ ಆರಿತು. ಇನ್ನೊಂದು ಟ್ಯೂಬು ತಂದು ಮತ್ತೆ ಹಚ್ಚಿದೆ, ಈ ಸಲ ಏಳು ನಿಮಿಷ. ಮೂರು ದಿನ ಹೀಗೇ ಕಳೆಯಿತು. ಒದ್ದೆ ಗಾಳಿಯಿಂದ ತುಕ್ಕು ಹಿಡಿದೀತೆಂದು ನೀರು ಹಾಯಿಸಿ ಕೋಣೆ ತಂಪುಮಾಡುವ ಕಿಟಕಿಯ ಡೆಸರ್ಟ್ ಕೂಲರನ್ನೂ ಆರಿಸಿ ಕೂರುತ್ತಿದ್ದೆ. ಬನಿಯನ್ ಹಿಂಡಿದರೆ ನೀರು ಬರುತ್ತಿತ್ತು. ಮೇ ಮುಗಿಯಲು ಐದು ದಿನ ಉಳಿದಿತ್ತು. ಒಂದು ಬೆಳಿಗ್ಗೆ ಸುಮತಿ ಮಂಚದ ಕೆಳಗೆ ಗುಡಿಸುವುದನ್ನು ಕಂಡು, ಹಾರ್ಮೋನಿಯಂ ಆಚೆ ಸರಿದಿದೆಯೇ ಎಂದು ಬಗ್ಗಿ ನೋಡಿದೆ.

ಅದೇ ಮಧ್ಯಾಹ್ನ ಹೋಟೆಲಿನಿಂದ ಊಟದ ಕ್ಯಾರಿಯರ್ ಹಿಡಿದುಕೊಂಡು ಗೋವಿಂದಣ್ಣ ಬಂದರು. ಅಪ್ಪನ ಕಾಲದಿಂದ ನಮ್ಮಲ್ಲಿ ದೋಸೆ ಹುಯ್ಯುತ್ತಿರುವವರು. ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ಬಗ್ಗಿ ನೋಡಿ, "ಇದೆಂತ ಧಣಿ, ಬೆಣ್ಣೆ ಹಾಕಿದ್ದೀರಿ?" ಎಂದರು.

"ಅದು ಬಿಸಿ ದಾಟ್ಲಿಕ್ಕೆ ಗೋವಿಂದಣ್ಣ. ಕೆಳಗಿನ ಬಿಸಿ ಮೇಲೆ ಹೋಗ್ಬೇಕು."

"ಲೋಹಕ್ಕೆ ಲೋಹ ತಾಗಿದ್ರೆ ಬಿಸಿ ತಾನೇ ಹೋಗ್ತದೆ ಮಾರಾಯ್ರೆ. ನಡುವೆ ಇಷ್ಟು ದಪ್ಪ ಗಾದಿ ಹಾಸಿದ್ರೆ ಹೇಗೆ ಹೋಗುವುದು? ಕಾವಲಿಗೆ ಎಣ್ಣೆ ಹಾಕಿದ್ದು ಕಣ್ಣಿಗೆ ಕಾಣ್ಬಾರ್ದು. ಕಂಡ್ರೆ ಹೆಚ್ಚಾಯ್ತು ಅಂತಲೇ." ಅಷ್ಟು ಹೇಳಿ, "ಒಂದು ನೀರುಳ್ಳಿ ಕೊಡಿ, ಒರೆಸಿ ಕೊಡ್ತೇನೆ," ಎಂದು ಅಡುಗೆಮನೆಯ ಕಡೆ ತಿರುಗಿದರು. ನಾನು ಕೈಮುಗಿದು ತಡೆದೆ. ಹತ್ತಿ, ಸ್ಪಿರಿಟ್ ಕೊಟ್ಟೆ. ಅರ್ಧ ನೀರುಳ್ಳಿಯಿಂದ ಕಾವಲಿ ಒರೆಸುವ ಅದೇ ಹದದಲ್ಲಿ ಅವರು ಎರಡೂ ಕಡೆ ಕನ್ನಡಿಯಂತೆ ಒರೆಸಿದರು. ಕರೋಲ್ ಬಾಗಿನ ಅಂಗಡಿಯಿಂದ ತರಿಸಿಟ್ಟಿದ್ದ ಹೊಸ ಟ್ಯೂಬಿನಿಂದ ಅಕ್ಕಿಕಾಳಿನಷ್ಟು ಹಾಕಿ, ಕಾಣಿಸೀತೋ ಇಲ್ಲವೋ ಎನ್ನುವಷ್ಟು ತೆಳ್ಳಗೆ ಸವರಿದರು. ಮೂವತ್ತು ವರ್ಷ ಕಾವಲಿಯ ಮುಂದೆ ನಿಂತ ಕೈ ಅದು. ಅವತ್ತು ಪ್ರೊಸೆಸರು ಮೂರರ ವೇಗದಲ್ಲಿ ಒಂದು ಗಂಟೆ ಓಡಿತು, ಎಪ್ಪತ್ತು ಡಿಗ್ರಿ ದಾಟಲಿಲ್ಲ.

ಮೇ ಮೂವತ್ತರಂದು ಬೆಳಿಗ್ಗೆ ಏಳಕ್ಕೆ ನಿಜವಾದ ಟೆಸ್ಟ್ ಹಚ್ಚಿದೆ. ಮನೆಯ ಇನ್ವರ್ಟರಿಗೆ ಕಂಪ್ಯೂಟರೊಂದನ್ನೇ ಜೋಡಿಸಿದ್ದರಿಂದ, ಕರೆಂಟು ಹೋದರೆ ಮನೆಯಲ್ಲಿ ಇರುವಂತಿರಲಿಲ್ಲ. ರಜೆಯಲ್ಲಿದ್ದ ನಿಧಿಯನ್ನು ಕರೆದುಕೊಂಡು ಸುಮತಿ ನನ್ನ ಬದಲು ಗಲ್ಲಾದಲ್ಲಿ ಕೂರಲು ಹೊರಟಳು. ಇಪ್ಪತ್ತು ವರ್ಷದಲ್ಲಿ ನಾನು ಒಂದಿಡೀ ದಿನ ಹೋಟೆಲಿಗೆ ಹೋಗದೆ ಇದ್ದದ್ದು ಅದೇ ಮೊದಲು. ಗಿರಾಕಿಗಳು ಗಲಾಟೆ ಮಾಡಿದರೆ ಫೋನ್ ಮಾಡು, ಚಟ್ನಿ ನೀರಾದರೆ ಫೋನ್ ಮಾಡು ಎಂದು ಮೆಟ್ಟಿಲವರೆಗೆ ಹೇಳುತ್ತ ಹೋದೆ. ಆಮೇಲೆ ಬಂದು ಪರದೆಯ ಮುಂದೆ ಕೂತೆ. ಹೊರಗೆ ನಲವತ್ತನಾಲ್ಕು ಡಿಗ್ರಿ, ಒಳಗೆ ಪ್ರೊಸೆಸರ್ ಅರವತ್ತೊಂಬತ್ತು, ನಡುವೆ ನಾನು. ಕರೆಂಟು ಎರಡು ಸಲ ಹೋಯಿತು, ಟೆಸ್ಟ್ ನಿಲ್ಲಲಿಲ್ಲ. ಫೋನೂ ಬಾರಲಿಲ್ಲ. ಸಂಜೆ ಏಳು ಹೊಡೆದಾಗ ಪರದೆಯ ಮೇಲೆ ಒಂದೂ ತಪ್ಪಿಲ್ಲ. ನಾನು ಎದ್ದು ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ಒದ್ದೆಯಾಗಿತ್ತು.

ಸುಮತಿ ಬಂದು ಪರದೆ ನೋಡಿದಳು, ನನ್ನ ಮುಖ ನೋಡಿದಳು. "ಮುಗಿಸಿದ್ರಲ್ಲ," ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಅವಳಿಗೆ ಸಂತೋಷವಾಗಿತ್ತು. ಪಟ್ಟಿಯಲ್ಲಿ ನನ್ನ ಹೆಸರು ಹದಿನಾಲ್ಕನೆಯದಾಗಿ ಬಂತು. ಪುಣೆಯ ಹುಡುಗ, "ಗ್ರೇಟ್, ಅಂಕಲ್," ಎಂದು ಬರೆದ. ಈ ಸಲ ಅಂಕಲ್ ಅಷ್ಟೇನೂ ಚುಚ್ಚಲಿಲ್ಲ.

ಉದಾರವಾಗಿ, "ಪಾಪ, ಹೋಟೆಲಿನಲ್ಲಿ ನಿನಗೆ ಇವತ್ತು ತುಂಬಾ ಕಷ್ಟ ಆಯ್ತಾ?" ಎಂದು ಕೇಳಿದೆ.

"ಇಲ್ವಲ್ಲ. ಯಾವ ಟೇಬಲಿಗೂ ಕಾಯುವವರೇ ಇರ್ಲಿಲ್ಲ. ದೋಸೆ ಕೇಳಿದ ಕೂಡ್ಲೇ ಬರ್ತಿತ್ತು."

"ಅದು ಹೇಗೆ?"

"ನಾನೂ ಗೋವಿಂದಣ್ಣನ ಹತ್ರ ಕೇಳಿದೆ. ಹತ್ತು ನಿಮಿಷಕ್ಕೊಮ್ಮೆ ಧಣಿ ಕಾವಲಿ ಹತ್ರ ಬಂದು ನಿಂತು ಹೀಗೆ ಮಾಡು ಹಾಗೆ ಮಾಡು ಅನ್ನುವುದು ಇವತ್ತು ಇರ್ಲಿಲ್ಲ, ಅದಕ್ಕೆ ಅಂದ್ರು."

ನಿಧಿ ಫ್ಯಾನಿನ ಕೆಳಗೆ ನಿಂತು ನಗುತ್ತಿದ್ದಳು. ಸುಮತಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದವಳು ಏನೋ ಹೊಳೆದಂತೆ ತಿರುಗಿ ನಿಂತು, ನಿಜವಾದ ಆಸಕ್ತಿಯಿಂದ ಕೇಳಿದಳು, "ಅಲ್ಲ ರೀ, ಇದಕ್ಕಿಂತ ಉದ್ದದ ಟೆಸ್ಟ್ ಎಂತಾದ್ರೂ ಉಂಟಾ?"

ಇಪ್ಪತ್ತನಾಲ್ಕು ಗಂಟೆಯದೊಂದು ಉಂಟು. ನಾನು ಅವಳಿಗೆ ಇನ್ನೂ ಹೇಳಿಲ್ಲ.