ಮಗ್ಗದ ಗುಂಡಿಗೆ ಇಳಿಯದ ಕಾನೂನು

ಐಸ್‌ಲ್ಯಾಂಡ್ ದೇಶದ ಹೆಂಗಸರಿಗೆ ಸಂಬಳ ಸರಿಯಾಗಿ ಸಿಗುತ್ತಿದೆಯೇ ಎಂದು ದಿನಾ ಬೆಳಿಗ್ಗೆ ವಿಚಾರಿಸಿಕೊಳ್ಳುವ ಮನುಷ್ಯ ಸೇಲಂ ಊರಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಚಿಕ್ಕಪ್ಪ. ಐಸ್‌ಲ್ಯಾಂಡಿನವರಿಗೆ ಈ ವಿಷಯ ಇನ್ನೂ ತಿಳಿದಿಲ್ಲ. ತಿಳಿದಿದ್ದರೆ ಇಷ್ಟು ಹೊತ್ತಿಗೆ ಕರೆದು ಶಾಲು ಹೊದಿಸಿರುತ್ತಿದ್ದರು. ಅರ್ಧ ಗಂಟೆ ಅವರ ಮಾತು ಕೇಳಿದ ಮೇಲೆ ಶಾಲು ವಾಪಸು ಕಿತ್ತುಕೊಂಡಿರುತ್ತಿದ್ದರು!

ನಾನು ಪತ್ರಿಕೆಗೆ ವರದಿ ಬರೆದು ಬದುಕುವವಳು. ಕಣ್ಣಿಂದ ಕಂಡದ್ದು, ಇನ್ನೊಬ್ಬರ ಬಾಯಿಂದ ಖಚಿತವಾದದ್ದು, ಇಷ್ಟನ್ನು ಬಿಟ್ಟು ಬೇರೇನನ್ನೂ ಬರೆಯುವುದಿಲ್ಲ. ಈ ಬರಹದಲ್ಲಿ ಪ್ರತಿಯೊಂದನ್ನೂ ಖಚಿತಪಡಿಸಿದವರು ಚಿಕ್ಕಮ್ಮ. ಅವರು ಹೇಳಿದ ಕೆಲವು ಮಾತುಗಳನ್ನು ಅಚ್ಚು ಹಾಕುವಂತಿರಲಿಲ್ಲ, ಅವನ್ನು ಬಿಟ್ಟಿದ್ದೇನೆ.

ಚಿಕ್ಕಪ್ಪ ರೇಷ್ಮೆ ನೇಯುವವರು. ಮನೆಯ ನಡುಮನೆಯಲ್ಲೇ ಮಗ್ಗ. ನೆಲದಲ್ಲಿ ಸೊಂಟದುದ್ದ ತೋಡಿದ ಗುಂಡಿ, ಅದರ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟು ಕೆಳಗಿನ ಹಲಗೆಗಳನ್ನು ತುಳಿಯಬೇಕು. ಕೈ ಲಾಳಿಗೆ, ಕಾಲು ಹಲಗೆಗೆ, ಕಣ್ಣು ಎಳೆಗೆ. ಕಿವಿ ಮಾತ್ರ ಖಾಲಿ! ಈ ಖಾಲಿ ಕಿವಿಯೇ ಎಲ್ಲ ಅನಾಹುತಕ್ಕೂ ಮೂಲ. ಹಿಂದೆ ಅದರೊಳಗೆ ರೇಡಿಯೋ ಹಾಡು ಹೋಗುತ್ತಿತ್ತು, ಯಾರಿಗೂ ತೊಂದರೆಯಿರಲಿಲ್ಲ. ಈಗ ಮಗ್ಗದ ಮರಕ್ಕೆ ಫೋನು ನೇತುಹಾಕಿದ್ದಾರೆ. ಅದರಲ್ಲಿ ಯಾರೋ ವಕೀಲರು ತಮಿಳಿನಲ್ಲಿ ದೇಶ ದೇಶದ ಕೆಲಸಗಾರರ ಕಾನೂನು ಹೇಳುತ್ತಾರೆ. ಒಂದು ಸೀರೆ ಮುಗಿಯುವಷ್ಟರಲ್ಲಿ ಒಂದು ಖಂಡ ಮುಗಿಯುತ್ತದೆ. ಮನೆಮಾತು ಕನ್ನಡವೇ ಆದರೂ ಕಾನೂನು ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಎಲ್ಲರಿಗೂ ಅದು ತಮಿಳಿನ 'ಸಟ್ಟಂ'.

"ನಾರ್ವೇನಾಗೆ ದೊಡ್ಡ ಕಂಪೆನಿ ನಡ್ಸೋ ಬೋರ್ಡ್‌ನಾಗೆ ಹತ್ತು ಜನ ಇದ್ರೆ ನಾಕು ಜನ ಹೆಂಗಸ್ರು ಇರ್ಲೇಬೇಕು. ಸಟ್ಟಂ ಐತೆ!" ಎನ್ನುತ್ತಾರೆ ಚಿಕ್ಕಪ್ಪ.

"ಇಲ್ಲಿ ಒಬ್ಬಳೇ ಇವ್ನಿ. ಕಾಪಿ ಬೇಕಾ ಬ್ಯಾಡ್ವಾ?" ಎನ್ನುತ್ತಾರೆ ಚಿಕ್ಕಮ್ಮ.

ಬ್ರಿಟನ್ನಿನಲ್ಲಿ ಕೆಲಸದ ಜಾಗದಲ್ಲಿ ಒಂಬತ್ತು ಕಾರಣಕ್ಕೆ ಯಾರನ್ನೂ ಬೇರೆ ಮಾಡಿ ನೋಡಬಾರದಂತೆ. ವಯಸ್ಸು, ಅಂಗವೈಕಲ್ಯ, ಧರ್ಮ, ಬಣ್ಣ ಹೀಗೆ ಒಂಬತ್ತು. ಚಿಕ್ಕಪ್ಪ ಅವನ್ನು ದಿನಾ ಸ್ನಾನವಾದ ಮೇಲೆ ನವಗ್ರಹ ಸುತ್ತುವವರ ಹಾಗೆ ಒಂದೊಂದಾಗಿ ಎಣಿಸುತ್ತಾರೆ. ಒಮ್ಮೆ ಚಿಕ್ಕಮ್ಮ ಕೇಳಿದರು: "ಆ ಒಂಬತ್ತರಾಗೆ ಹೆಂಡ್ತಿ ಐತಾ?"

"ಐತೆ ಕಣೇ! ಮದುವೆ ಅಂತಾನೇ ಒಂದೈತೆ."

"ಐತಾ? ಅಂಗಾರೆ ಬ್ರಿಟನ್‌ನವ್ರು ಒಂದ್ಸಲ ನಮ್ಮನೆಗೆ ಬಂದು ಓಗ್ಲಿ."

ಹೊರಗಿನ ಲೋಕವನ್ನು ತಿದ್ದುವುದರಲ್ಲಿ ಚಿಕ್ಕಪ್ಪ ಇನ್ನೂ ಚುರುಕು. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಬೇಕೆಂದು ನಮ್ಮ ತಮಿಳುನಾಡಿನಲ್ಲೇ ಸಟ್ಟಂ ಬಂತಲ್ಲ, ಆ ವರ್ಷ ಅವರು ಕಾಲು ನೆಲಕ್ಕೆ ಊರಲಿಲ್ಲ. ಒಂದು ದೊಡ್ಡ ಜವಳಿ ಅಂಗಡಿಗೆ ಚಿಕ್ಕಮ್ಮನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಸೀರೆ ಕೊಳ್ಳುವುದಕ್ಕಲ್ಲ, ಸೀರೆ ನೇಯುವವರು ಸೀರೆ ಯಾಕೆ ಕೊಳ್ಳುತ್ತಾರೆ? ಸ್ಟೂಲ್ ಎಣಿಸುವುದಕ್ಕೆ! ಸೀರೆ ತೋರಿಸುವ ಹುಡುಗಿ ನಿಂತೇ ಇದ್ದಳು. ಚಿಕ್ಕಪ್ಪ ಮ್ಯಾನೇಜರನ್ನು ಕರೆಸಿದರು, ದನಿ ಏರಿಸಿದರು, ನಾನು ಪತ್ರಿಕೆಯವಳು ಎಂಬುದನ್ನೂ ಮೂರು ಸಲ ಹೇಳಿದರು. ಮ್ಯಾನೇಜರ್ ಹೆದರಿ ಗೋದಾಮಿನಿಂದ ಒಂದು ಸ್ಟೂಲ್ ತರಿಸಿ ಇಟ್ಟ. ಗೆಲುವೆಂದರೆ ಇದು! ಆ ಗೆಲುವಿನ ಸಂತೋಷದಲ್ಲಿ ಚಿಕ್ಕಪ್ಪ ಅದೇ ಸ್ಟೂಲಿನ ಮೇಲೆ ಕೂತು, ಕೂರುವ ಹಕ್ಕಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹುಡುಗಿ ನಿಂತೇ ಕೇಳಿದಳು. ಚಿಕ್ಕಮ್ಮ ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತೇ ಕೇಳಿದರು.

ಇನ್ನೊಂದು ಸಲ, ನೆಂಟರ ಮನೆಯ ನಾಮಕರಣದಲ್ಲಿ, ಚಿಕ್ಕಮ್ಮನ ಅಣ್ಣ ಸಿಕ್ಕಿಬಿದ್ದರು. ಅವರದು ಪಾಲಕೋಡಿನ ಹತ್ತಿರ ಟೊಮೇಟೊ ತೋಟ. ಅಲ್ಲಿ ಹಣ್ಣು ಕೀಳುವ ಹೆಂಗಸರಿಗೆ ಒಂದು ಕೂಲಿ, ಅದೇ ಹಣ್ಣಿನ ಕ್ರೇಟು ಹೊರುವ ಗಂಡಸರಿಗೆ ಇನ್ನೊಂದು. ಚಿಕ್ಕಪ್ಪ ಎಲೆಯ ಮುಂದೆ ಕೂತಿದ್ದಾಗಲೇ ಶುರು ಮಾಡಿದರು.

"ಬಾವಾ, ಇದು ತಪ್ಪು. ಐಸ್‌ಲ್ಯಾಂಡ್‌ನಾಗೆ ಆಗಿದ್ರೆ ಗಂಡ್ಸಿಗೆಷ್ಟು ಹೆಂಗಸಿಗೆಷ್ಟು ಅಂತ ಲೆಕ್ಕ ತೋರ್ಸಿ ಸರ್ಟಿಫಿಕೇಟ್ ತಗೋಬೇಕಾಗಿತ್ತು ನೀನು!"

ಅಣ್ಣ ಅನ್ನ ಕಲಸುವುದನ್ನು ನಿಲ್ಲಿಸಲೇ ಇಲ್ಲ. "ಸರಿ ಬಾವಾ. ನಮ್ ತಂಗಿ ಮೂವತ್ತು ವರ್ಸದಿಂದ ನಿಮ್ಮನೇಲಿ ಕಂಡಿಕೆ ಸುತ್ತುತಾ ಅವ್ಳೆ. ಅವ್ಳಿಗೆ ನೀನು ಎಷ್ಟು ಕೊಡ್ತೀಯಾ?"

"ಅದು ಬೇರೆ! ಅದು ಮನೆ ಕೆಲ್ಸ!"

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಬಡಿಸುವವರು ಚಿಕ್ಕಪ್ಪನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಪಾಯಸ ಹಾಕಿದರು. ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉಪಾಯ ನಮ್ಮ ಕಡೆ ಇಲ್ಲ.

ಆ 'ಮನೆ ಕೆಲಸ' ಏನೆಂದು ದಾಖಲಿಸಬೇಕು. ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಉರುಳೆಗೆ ಕಂಡಿಕೆ ಎನ್ನುತ್ತಾರೆ. ಅದನ್ನು ರಾಟೆಯಲ್ಲಿ ಬಿಗಿಯಾಗಿ ಸುತ್ತಬೇಕು. ಸಡಿಲವಾದರೆ ನೂಲು ಜಾರಿ ಸೀರೆ ಕೆಡುತ್ತದೆ. ಚಿಕ್ಕಮ್ಮ ಅಡುಗೆಮನೆ ಬಾಗಿಲ ಪಕ್ಕ ಕೂತು ಸುತ್ತುತ್ತಾರೆ, ಚಿಕ್ಕಪ್ಪ "ಕಂಡಿಕೆ!" ಎಂದು ಕೂಗಿದ ಕೂಡಲೇ ಓಡಿಹೋಗಿ ಕೊಡುತ್ತಾರೆ. ಸೀರೆ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ಚಿಕ್ಕಪ್ಪ ತಲೆ ಬಾಗಿಸಿ ಒಪ್ಪಿಕೊಳ್ಳುತ್ತಾರೆ.

ನಿಜವಾದ ವಿಚಿತ್ರ ಇನ್ನೂ ಇದೆ. ಚಿಕ್ಕಮ್ಮನಿಗೆ ನೇಯಲು ಬರುತ್ತದೆ! ಅವರ ತವರು ಕಾರಿಮಂಗಲದ ಕಡೆಯ ನೇಕಾರರ ಮನೆ. ಮಗ ಟೊಮೇಟೊ ಹಿಂದೆ ಓಡಿದ, ಮಗ್ಗಕ್ಕೆ ಮಗಳು ಕೂತಳು. ಮದುವೆಯಾಗಿ ಇಲ್ಲಿಗೆ ಬಂದಾಗ ಅತ್ತೆ ಒಂದೇ ಮಾತು ಹೇಳಿದರಂತೆ: ಈ ಮನೆಯಲ್ಲಿ ಸೊಸೆ ಮಗ್ಗದ ಗುಂಡಿಗೆ ಕಾಲು ಇಳಿಬಿಡುವ ಹಾಗಿಲ್ಲ. ಅತ್ತೆ ಈಗ ಗೋಡೆಯ ಮೇಲೆ ಚಿತ್ರವಾಗಿದ್ದಾರೆ. ಆದರೂ ಮಗ್ಗದ ಕಡೆಗೇ ನೋಡುತ್ತಿದ್ದಾರೆ.

"ಇದು ಯಾವ ದೇಶದ ಸಟ್ಟಂ ಚಿಕ್ಕಪ್ಪಾ?" ಎಂದು ಕೇಳಿದ್ದೆ.

"ಇದು ಸಟ್ಟಂ ಅಲ್ಲಮ್ಮಿ, ವಳಕ್ಕಂ. ಮನೆ ಪದ್ಧತಿ" ಎಂದಿದ್ದರು. ಲೋಕದ ಕಾನೂನೆಲ್ಲ ಹಡಗು ಹತ್ತಿ, ಸಮುದ್ರ ದಾಟಿ, ಸೇಲಂ ತನಕ ಬಂದು, ಆ ಗುಂಡಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತುಕೊಳ್ಳುತ್ತಿತ್ತು. ಕೆಳಗೆ ಇಳಿಯುತ್ತಿರಲಿಲ್ಲ. ದೂರದ ಹೆಂಗಸರಿಗಾಗಿ ಮರುಗುವುದು ಎಷ್ಟು ಸುಖ! ಅವರಿಗೆ ಕಾಫಿ ಲೋಟ ತೊಳೆದುಕೊಡಬೇಕಾಗಿಲ್ಲ.

ಹೀಗಿರುವಾಗ ಬೀದಿಗೆ ಅಧಿಕಾರಿಯೊಬ್ಬರು ಬಂದರು. ಕೈಮಗ್ಗದವರಿಗೆ ಗುರುತಿನ ಕಾರ್ಡ್ ಕೊಡಲು ಮನೆ ಮನೆಯಲ್ಲೂ ಹೆಸರು ಬರೆದುಕೊಳ್ಳುತ್ತಿದ್ದರು. ಕಾರ್ಡಿನಲ್ಲಿ ಫೋಟೋ, ಹೆಸರು, ಕಸುಬು. ಚಿಕ್ಕಪ್ಪನ ಹತ್ತಿರ ಹಳೆಯದೊಂದು ಇದೆ. ಅವತ್ತು ಭಾನುವಾರ, ನಾನೂ ಅಲ್ಲೇ ಇದ್ದೆ.

"ಈ ಮನೆಯಲ್ಲಿ ನೇಯುವವರು ಎಷ್ಟು ಜನ?" ಎಂದು ತಮಿಳಿನಲ್ಲಿ ಕೇಳಿದರು ಅಧಿಕಾರಿ.

"ಒಬ್ಬನೇ ಸಾರ್" ಎಂದ ಚಿಕ್ಕಪ್ಪ, ಉಸಿರು ತೆಗೆದುಕೊಳ್ಳದೆ ಕೆನಡಾಕ್ಕೆ ಹೊರಟೇಬಿಟ್ಟರು. ಆ ವಾರ ಕೆನಡಾ ನಡೆಯುತ್ತಿತ್ತು. "ಕೆನಡಾನಾಗೆ ಏನ್ ಸಟ್ಟಂ ಗೊತ್ತಾ ಸಾರ್? ಕೆಲ್ಸದವ್ನಿಗೆ ಕೈ ಎಟುಕ್ಲಿಲ್ಲ ಅಂದ್ರೆ, ಕೆಲ್ಸದವ್ನ ತಪ್ಪಲ್ಲ! ಮೇಜು ಇಳಿಸ್ಬೇಕು, ಕುರ್ಚಿ ಏರಿಸ್ಬೇಕು. ಮನುಸನ ಅಳತೆಗೆ ಜಾಗ ಮಾಡ್ಕೊಡ್ಬೇಕು!"

ಅಧಿಕಾರಿ ಪುಸ್ತಕ ಮುಚ್ಚುತ್ತಿದ್ದರು. ಆಗ ರಾಟೆ ನಿಂತಿತು. ಚಿಕ್ಕಮ್ಮ ಎದ್ದು ಬಂದರು.

"ನನ್ ಹೆಸ್ರೂ ಬರೀರಿ ಸಾರ್."

"ಕಂಡಿಕೆ ಸುತ್ತುವವರನ್ನು ಸಹಾಯಕರು ಅಂತ ಬರೆಯಬಹುದಮ್ಮಾ" ಎಂದರು ಅಧಿಕಾರಿ.

"ಸಹಾಯ ಅಲ್ಲ. ನೇಯೋಳು ಅಂತ ಬರೀರಿ. ನಂಗೆ ನೇಯಕ್ಕೆ ಬತ್ತೈತೆ." ಚಿಕ್ಕಮ್ಮ ನನ್ನ ಕಡೆ ತಿರುಗಿದರು. "ನಾಳೆ ನಾನು ಸತ್ರೆ ಪೇಪರ್‌ನಾಗೆ ಏನಂತ ಹಾಕ್ತೀಯಾ ಅಮ್ಮಿ? ಮನೇಲಿದ್ದೋಳು ಅಂತಲಾ? ಒಂದು ಕಡೆನಾದ್ರೂ ನಮ್ಮಪ್ಪ ಕಲ್ಸಿದ ಕೆಲ್ಸದ ಹೆಸ್ರು ಇರ್ಲಿ."

ಅಂಥ ಸುದ್ದಿಗಳನ್ನು ನಾವು ಹಾಗೇ ಹಾಕುತ್ತೇವೆ.

ಕಣ್ಣಾರೆ ನೋಡದೆ ಬರೆಯುವ ಹಾಗಿಲ್ಲ, ಸ್ವಲ್ಪ ನೇಯ್ದು ತೋರಿಸಿ ಎಂದರು ಅಧಿಕಾರಿ. ಚಿಕ್ಕಮ್ಮ ಅತ್ತೆಯ ಚಿತ್ರದ ಕಡೆ ನೋಡಲಿಲ್ಲ. ಸೀದಾ ಹೋಗಿ ಮಗ್ಗದಲ್ಲಿ ಕೂತು ಕಾಲು ಇಳಿಬಿಟ್ಟರು.

ಕಾಲು ಹಲಗೆಗೆ ಎಟುಕಲಿಲ್ಲ.

ಚಿಕ್ಕಪ್ಪ ಆರಡಿ ಮನುಷ್ಯ, ಗುಂಡಿ ಅವರ ಅಳತೆಯದು. ಚಿಕ್ಕಮ್ಮ ಅವರ ಎದೆಯ ತನಕವೂ ಬರುವುದಿಲ್ಲ. ಒಂದು ಗೇಣು ಕಡಿಮೆ ಬಿತ್ತು. ಅವರು ಅಂಚಿಗೆ ಜರುಗಿದರು, ಬೆರಳು ಚಾಚಿದರು. ಕಾಲುಗಳು ಗಾಳಿಯಲ್ಲಿ ಆಡಿದವು.

"ನೋಡಿದ್ರಾ ಸಾರ್!" ಎಂದು ಚಿಕ್ಕಪ್ಪ ಗಟ್ಟಿಯಾಗಿ ನಕ್ಕರು.

ಅಧಿಕಾರಿ ನಗಲಿಲ್ಲ. ಬುಧವಾರ ಕೊನೆಯ ಸಲ ಈ ಬೀದಿಗೆ ಬರುವುದಾಗಿ ಹೇಳಿ ಹೋದರು. ಚಿಕ್ಕಮ್ಮ ಎದ್ದು, ಸೀರೆ ಕೊಡವಿಕೊಂಡು, ಮತ್ತೆ ರಾಟೆಯ ಮುಂದೆ ಕೂತರು. ಕಂಡಿಕೆ ಸುತ್ತತೊಡಗಿದರು. ಮುಖ ಕಾಣಲಿಲ್ಲ.

ನಾನು ಹೊರಡುವಾಗ ಒಂದೇ ಪ್ರಶ್ನೆ ಕೇಳಿದೆ. ವೃತ್ತಿಯ ಅಭ್ಯಾಸ, ಬಾಗಿಲಲ್ಲಿ ನಿಂತು ಕೊನೆಯ ಪ್ರಶ್ನೆ ಕೇಳುವುದು. "ಚಿಕ್ಕಪ್ಪಾ, ಇದೇ ಕೆನಡಾದಲ್ಲಿ ಆಗಿದ್ದರೆ?"

ಅವರು ನನ್ನನ್ನು ನೋಡಿದರು. ಬಾಯಿ ತೆರೆದರು. ಜೀವಮಾನದಲ್ಲಿ ಮೊದಲ ಬಾರಿಗೆ ಅದರಿಂದ ಯಾವ ದೇಶವೂ ಹೊರಗೆ ಬರಲಿಲ್ಲ.

ಮಂಗಳವಾರ ಸಂಜೆ ಚಿಕ್ಕಮ್ಮ ಫೋನ್ ಮಾಡಿದರು. "ನಿಮ್ ಚಿಕ್ಕಪ್ಪ ಎರಡು ದಿನದಿಂದ ಫೋನ್‌ನಾಗೆ ಸಟ್ಟಂ ಹಾಕಿಲ್ಲ ಅಮ್ಮಿ, ನೇಯ್ತಾನೂ ಇಲ್ಲ. ನೂಲಿನ ಮೇಲೆ ಬಟ್ಟೆ ಹೊದಿಸಿ ಗುಂಡಿನಾಗೆ ಇಳ್ದವ್ರೆ. ಏನು ಅಂದ್ರೆ ಮಾತಾಡಲ್ಲ. ನನ್ ಒಂದು ಚಪ್ಪಲಿ ಬೇರೆ ಕಾಣ್ತಿಲ್ಲ!" ನನಗೂ ದಿಗಿಲಾಯಿತು. ಕಾನೂನು ಹೇಳದ ಚಿಕ್ಕಪ್ಪನನ್ನು ನಾವ್ಯಾರೂ ಕಂಡವರಲ್ಲ.

ಬುಧವಾರ ಬೆಳಿಗ್ಗೆ ರಜೆ ಹಾಕಿ ಹೋದೆ. ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಆದರೆ ಅದು ಚಿಕ್ಕಪ್ಪನ ಸದ್ದಲ್ಲ. ಒಂದು ಏಟು, ತಡವರಿಕೆ, ಎರಡು ಏಟು, ಮತ್ತೆ ತಡವರಿಕೆ. ಒಳಗೆ ಹೋದರೆ ಮಗ್ಗದಲ್ಲಿ ಚಿಕ್ಕಮ್ಮ! ಲಾಳಿ ಒಂದು ಸಲ ಕೆಳಗೆ ಬಿತ್ತು. ಅವರು ಬೈದುಕೊಂಡು ಎತ್ತಿದರು. ಕೈಗೆ ನೆನಪಾಗುತ್ತಿತ್ತು.

ಗುಂಡಿಗೆ ಇಣುಕಿ ನೋಡಿದೆ. ತಳದಲ್ಲಿ ಇಟ್ಟಿಗೆ ಹಾಸಿ ಒಂದು ಗೇಣು ಎತ್ತರಿಸಿದ್ದರು. ತುಳಿಯುವ ಹಲಗೆಗಳನ್ನೂ ಅಷ್ಟೇ ಮೇಲಕ್ಕೆ ಕಟ್ಟಿದ್ದರು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಸಣ್ಣ ಚಪ್ಪಲಿಯ ಗುರುತು ಇನ್ನೂ ಅಳಿಸಿರಲಿಲ್ಲ.

ರಾಟೆಯ ಮುಂದೆ ಆರಡಿಯ ಚಿಕ್ಕಪ್ಪ ಮಡಚಿಕೊಂಡು ಕೂತಿದ್ದರು. ಒಂದು ಕಂಡಿಕೆಯನ್ನು ಎರಡು ಕೈಯಲ್ಲಿ ತಂದುಕೊಟ್ಟರು. ಚಿಕ್ಕಮ್ಮ ಅದನ್ನು ಬೆಳಕಿಗೆ ಹಿಡಿದರು.

"ಏನ್ರೀ ಇದು, ಕಂಡಿಕೆನಾ, ಕಾಗೆ ಗೂಡಾ? ಎಷ್ಟು ಸಡ್ಲ!"

"ಮೊದಲ್ನೇ ದಿನ ಕಣೇ. ಹೊಸಬ್ರಿಗೆ ಟ್ರೈನಿಂಗ್ ಕೊಡ್ಬೇಕು."

ಅಷ್ಟರಲ್ಲಿ ಅಧಿಕಾರಿ ಬಂದರು. ಹತ್ತು ನಿಮಿಷ ನಿಂತು ನೋಡಿದರು. ನಡುವೆ ಒಮ್ಮೆ ಎಳೆ ಕಡಿಯಿತು. ಚಿಕ್ಕಮ್ಮ ಕಣ್ಣು ಹಾಯಿಸದೆಯೇ ಬೆರಳಲ್ಲಿ ಅದನ್ನು ಹುಡುಕಿ ಗಂಟು ಹಾಕಿದರು. ಅಧಿಕಾರಿ ಪುಸ್ತಕ ತೆರೆದರು. ಕಸುಬು ಎಂಬ ಜಾಗದಲ್ಲಿ 'ನೆಸವಾಳರ್' ಎಂದು ಬರೆದರು. ನೇಯುವವರು ಎಂದೇ ಅರ್ಥ. ನಾನು ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ಓದಿ ಖಚಿತಪಡಿಸಿಕೊಂಡೆ.

ಅವರು ಹೋದ ಮೇಲೆ ಬಗ್ಗಿ ನೋಡಿದರೆ, ಇಟ್ಟಿಗೆ ಸುಮ್ಮನೆ ಜೋಡಿಸಿದ್ದಲ್ಲ, ಸಿಮೆಂಟು ಹಾಕಿ ಕೂರಿಸಿದ್ದು.

"ಚಿಕ್ಕಪ್ಪಾ, ಇನ್ನು ನೀವು ಹೇಗೆ ಕೂರ್ತೀರಿ? ಮಂಡಿ ಮರಕ್ಕೆ ತಗಲುತ್ತಲ್ಲ?"

"ಮಡಚ್ಕೋತೀನಿ" ಎಂದರು.

"ಯಾವ ದೇಶದ ಸಟ್ಟಂ ಇದು? ಕೆನಡಾನಾ?"

ಅವರು ರಾಟೆ ನಿಲ್ಲಿಸಿದರು. ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದರು: "ಯಾವ ದೇಶನೂ ಇಲ್ಲಮ್ಮಿ. ಮದುವೆ ಆಗಿ ಕಾರಿಮಂಗಲದಿಂದ ಕರ್ಕೊಂಡ್ ಬತ್ತಿದ್ದಾಗ, ಬಸ್ ಸೀಟ್ನಾಗೂ ಅವ್ಳ ಕಾಲು ಹಿಂಗೇ ಎಟುಕ್ದೆ ಆಡ್ತಿದ್ವು. ಅವತ್ತು ನನ್ ಟ್ರಂಕು ತಳ್ಳಿ ಅವ್ಳ ಕಾಲ ಕೆಳಗೆ ಇಟ್ಟಿದ್ದೆ. ಸೇಲಂ ಬರೋ ತನ್ಕ ಕಾಲು ಇಟ್ಕೊಂಡು ನಿದ್ದೆ ಮಾಡಿದ್ಲು. ಮೂವತ್ತು ವರ್ಸ ಮರ್ತೇಬಿಟ್ಟಿದ್ದೆ ನೋಡು."

ಮಗ್ಗದ ಕಡೆಯಿಂದ ಕೂಗು ಬಂತು: "ಕಂಡಿಕೆ!"

ಚಿಕ್ಕಪ್ಪ ಎದ್ದು ಓಡಿದರು.