ಬಿಡ್ತು ಎಂಬ ಆರೋಗ್ಯ ವಿಮೆ

ಮನೆಯ ವಿಷಯ ಹೊರಗೆ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ತರಕಾರಿ ಅಂಗಡಿಯವರು, "ಏನಕ್ಕಾ, ಇವತ್ತು ಎರಡು ಕೆಜಿ ಬದನೆಕಾಯಿ? ಮನೇಲೇನು ವಿಶೇಷ?" ಎಂದು ಕೇಳಿದ ಒಂದೇ ಕಾರಣಕ್ಕೆ ಆರು ತಿಂಗಳು ಬೇರೆ ಅಂಗಡಿಗೆ, ಅದೂ ರಸ್ತೆ ದಾಟಿಕೊಂಡು, ಹೋಗಿದ್ದೇನೆ. ವಿಶೇಷ ಏನೂ ಇರಲಿಲ್ಲ, ವಾಂಗೀಬಾತು. ಲಿಫ್ಟಿನಲ್ಲಿ ಯಾರಾದರೂ "ಮಗೂಗೆ ಶೀತಾನಾ?" ಎಂದರೆ ಮಗಳ ಮೂಗು ತಕ್ಷಣ ನನ್ನ ದುಪಟ್ಟಾದೊಳಗೆ ಮಾಯವಾಗುತ್ತದೆ. ಈ ಸ್ವಭಾವದ ಜೊತೆಗೆ ಇದಕ್ಕೆ ಹೊಂದದ ಇನ್ನೊಂದೂ ನನ್ನಲ್ಲಿದೆ. ಉತ್ತರ ಕೊಡಲೇಬೇಕಾಗಿ ಬಂದರೆ ಅದು ಪೂರ್ತಿ ಸರಿಯಾಗಿರಬೇಕು. "ಒಂದೆರಡು ನಿಮಿಷದಲ್ಲಿ ಬರ್ತೀನಿ" ಎಂದವರನ್ನು ಒಂದೋ ಎರಡೋ ಎಂದು ಕೇಳಿ ಸ್ನೇಹ ಕಳೆದುಕೊಂಡವಳು ನಾನು. ಹಲಸೂರಿನ ಹತ್ತಿರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ ಎಂದರೆ ಉಳಿದದ್ದು ನಿಮಗೇ ತಿಳಿಯುತ್ತದೆ. ಇಂಥವಳ ಕೈಗೆ ಮಕ್ಕಳ ಆರೋಗ್ಯ ವಿಮೆಯ ಅರ್ಜಿ ಬಂತು. ಅದು ಮನೆಯ ಗುಟ್ಟನ್ನೆಲ್ಲ ಕೇಳುತ್ತದೆ, ಮತ್ತು ಕೇಳಿದ್ದಕ್ಕೆಲ್ಲ ನಿಜವನ್ನೇ ಬರೆಯಬೇಕು ಎನ್ನುತ್ತದೆ. ಮುಚ್ಚಿಡುವ ನಾನು, ತಪ್ಪು ಬರೆಯಲಾರದ ನಾನು, ಇಬ್ಬರೂ ಒಂದೇ ಪೆನ್ನು ಹಿಡಿದುಕೊಂಡು ಕೂತೆವು. (ಮಕ್ಕಳ ಹೆಸರನ್ನು ಇಲ್ಲಿ ಬದಲಾಯಿಸಿದ್ದೇನೆ. ಬದನೆಕಾಯಿಯ ತೂಕ ಮಾತ್ರ ನಿಜ.)

ನಮ್ಮ ಮನೆ ಇರುವುದು ಜೀವನ್ ಬಿಮಾ ನಗರದಲ್ಲಿ. ವಿಳಾಸದಲ್ಲೇ ವಿಮೆ ಇರುವ ಬಡಾವಣೆ. ಬೆಳಗಿನ ವಾಕಿಂಗ್‌ಗೆ ಹೋದರೆ ಎದುರಾಗುವ ಮೂವರಲ್ಲಿ ಒಬ್ಬರಾದರೂ ನಿವೃತ್ತ ವಿಮಾ ಅಧಿಕಾರಿ. ಇಷ್ಟಿದ್ದೂ ನಮ್ಮ ಮನೆಯೊಳಗೆ ನಾವೇ ಮಾಡಿಸಿದ ಆರೋಗ್ಯ ವಿಮೆ ಎಂಬುದು ಕಾಲಿಟ್ಟಿರಲಿಲ್ಲ. ಅದಕ್ಕೆ ಕಾರಣ ನನ್ನ ಮಾವನವರ ವಿಮಾನ ಕಾರ್ಖಾನೆಯ ನೌಕರಿ. ಅವರು ಈಗಿಲ್ಲ, ಆದರೆ ಕಾರ್ಖಾನೆಯ ಆಸ್ಪತ್ರೆ ಅತ್ತೆಯವರ ಮಾತಿನಲ್ಲಿ ಈಗಲೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತೆರೆಯುತ್ತದೆ. ನನ್ನ ಗಂಡ ಮಧು ಹುಟ್ಟಿದ್ದು ಅಲ್ಲಿ, ಹಲ್ಲು ಕೀಳಿಸಿಕೊಂಡಿದ್ದು ಅಲ್ಲಿ, ಸೀಬೆ ಮರದಿಂದ ಬಿದ್ದಾಗ ಕೈಗೆ ಕಟ್ಟು ಹಾಕಿಸಿಕೊಂಡಿದ್ದೂ ಅಲ್ಲೇ. "ಒಂದು ಚೀಟಿ ತೋರಿಸಿದ್ರೆ ಆಯ್ತು. ಇಷ್ಟು ದೊಡ್ಡ ಬಾಟ್ಲಿ ಕೆಂಪು ಔಷಧಿ ಕೊಡ್ತಿದ್ರು, ಎಲ್ಲಾದಕ್ಕೂ ಒಂದೇ," ಎನ್ನುತ್ತಾರೆ ಅತ್ತೆ. ಆದರೆ ಆ ಚೀಟಿ ಮೊಮ್ಮಕ್ಕಳವರೆಗೆ ಬರುವುದಿಲ್ಲ. ನಮ್ಮ ಎಂಟು ವರ್ಷದ ಚಿರಾಗ್ ಮತ್ತು ನಾಲ್ಕು ವರ್ಷದ ಇಳಾ ಇಬ್ಬರೂ ಮಧುವಿನ ಆಫೀಸಿನ ವಿಮೆಯ ನೆರಳಿನಲ್ಲಿದ್ದರು.

ಹೋದ ವರ್ಷ ಮಧು ದೊಡ್ಡನೆಕ್ಕುಂದಿಯ ಆಫೀಸು ಬಿಟ್ಟ. ಹೊಸ ಕೆಲಸಕ್ಕೆ ಸೇರಲು ಇನ್ನೂ ಇಪ್ಪತ್ತು ದಿನ ಇತ್ತು. ಆ ಇಪ್ಪತ್ತು ದಿನದ ನಡುವೆ ಒಂದು ಭಾನುವಾರ ಮಧ್ಯಾಹ್ನ ಕಗ್ಗದಾಸಪುರದಲ್ಲಿ ನೆಂಟರ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಅವರ ಮನೆ ಮುಂದೆ ರಸ್ತೆ ಅಗೆದಿದ್ದರು, ಯಾವಾಗಲೂ ಅಗೆದಿರುತ್ತಾರೆ. ಮಕ್ಕಳೆಲ್ಲ ಆ ಮಣ್ಣಿನ ಗುಡ್ಡೆಯ ಮೇಲೆ ಕುಣಿದರು. ಕೇಕ್ ಕತ್ತರಿಸುವ ಹೊತ್ತಿಗೆ ಇಳಾಳ ಎದೆಯಿಂದ ಕೊಳಲು ಊದಿದ ಹಾಗೆ ಸದ್ದು ಬರತೊಡಗಿತು. ಆಟೋ ಹಿಡಿದು ಇಂದಿರಾನಗರದ ಆಸ್ಪತ್ರೆಗೆ ಓಡಿದೆವು. ಕೌಂಟರಿನಲ್ಲಿದ್ದವರು ಮಗುವಿನ ಹೆಸರಿಗಿಂತ ಮೊದಲು "ಇನ್ಶೂರೆನ್ಸ್ ಇದ್ಯಾ ಮೇಡಂ?" ಎಂದು ಕೇಳಿದರು. ಇತ್ತು, ಹೋದ ವಾರದವರೆಗೆ ಎಂದು ನಾನು ನಿಖರವಾಗಿ ಉತ್ತರಿಸಿದೆ. ಒಳಗೆ ಇಳಾಳಿಗೆ ನೆಬ್ಯುಲೈಸರಿನ ಮಾಸ್ಕು ಹಾಕಿದರು. "ಅಮ್ಮಾ, ನಾನು ಪೈಲಟ್ಟು," ಎಂದಳು. ಸಂಜೆಗೆಲ್ಲ ಮನೆಯಲ್ಲಿದ್ದೆವು. ಕೊಳಲು ನಿಂತಿತ್ತು. ಕೌಂಟರಿನ ಆ ಪ್ರಶ್ನೆ ಮಾತ್ರ ನಮ್ಮ ಜೊತೆ ಆಟೋದಲ್ಲಿ ಕೂತು ಮನೆಗೆ ಬಂದುಬಿಟ್ಟಿತು.

ಮಧು ಹೊಸ ಆಫೀಸಿಗೆ ಸೇರಿದ, ಅಲ್ಲೂ ವಿಮೆ ಸಿಕ್ಕಿತು. ಆದರೆ ಆಫೀಸು ಇರುವವರೆಗೆ ಮಾತ್ರ ಇರುವ ವಿಮೆಯ ಮೇಲೆ ನನಗೆ ನಂಬಿಕೆ ಹೋಗಿತ್ತು. ಮಕ್ಕಳಿಗೆ ನಮ್ಮದೇ ಆದ ಒಂದನ್ನು ಮಾಡಿಸುವುದೋ ಬೇಡವೋ? ತರಗತಿಯಲ್ಲಿ ಸಂಭವನೀಯತೆ ಪಾಠ ಮಾಡುವಾಗ ಚೀಲದೊಳಗಿನ ಕೆಂಪು ಗೋಲಿ, ನೀಲಿ ಗೋಲಿ ಎಂದು ಎಷ್ಟು ಧೈರ್ಯವಾಗಿ ಕೈ ಹಾಕುತ್ತೇನೆ! ಗೋಲಿಯ ಜಾಗದಲ್ಲಿ ಸ್ವಂತ ಮಕ್ಕಳಿದ್ದರೆ ಚೀಲದ ಬಾಯಿ ಬಿಚ್ಚಲೂ ಕೈ ಬರುವುದಿಲ್ಲ. ಆರು ಕಂಪನಿಗಳ ಪಾಲಿಸಿ ಪತ್ರಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದರಲ್ಲಿ 'ಮಗು' ಎಂದರೆ ಯಾರು ಎಂಬುದಕ್ಕೇ ಅರ್ಧ ಪುಟ. ಮಧು ಇಣುಕಿ ನೋಡಿ, "ಪರೀಕ್ಷೆ ಯಾವತ್ತು?" ಎಂದ.

ಅಷ್ಟರಲ್ಲಿ ಅತ್ತೆಯವರಿಗೆ ವಿಷಯ ಗೊತ್ತಾಯಿತು. ಅವರ ತಕರಾರು ದುಡ್ಡಿನದಲ್ಲ, ಮಾತಿನದು. ನಮ್ಮ ಮನೆಯಲ್ಲಿ ಯಾರ ಬಾಯಲ್ಲಾದರೂ ಕೆಟ್ಟ ಮಾತು ಬಂದರೆ, 'ಬಸ್ಸಿಗೆ ಸಿಕ್ಕಿಬಿಟ್ಟರೆ', 'ಜ್ವರ ಬಂದರೆ' ಎಂಬಂಥದ್ದು, ಆ ಕ್ಷಣವೇ "ಬಿಡ್ತು ಅನ್ನು" ಎಂದು ಅಪ್ಪಣೆಯಾಗುತ್ತದೆ. ಹೇಳಿದವರು "ಬಿಡ್ತು" ಎನ್ನಬೇಕು. ಆಗ ಆ ಮಾತು ನಿಜವಾಗದೆ ಹೊರಟುಹೋಗುತ್ತದೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ನನಗೆ ಇದರ ಮೇಲೆ ಸಿಟ್ಟಿಲ್ಲ, ವ್ಯಾಕರಣದ ಅನುಮಾನವಿದೆ. ಯಾವುದು ಬಿಟ್ಟಿತು? ಯಾರನ್ನು ಬಿಟ್ಟಿತು? ಇನ್ನೂ ಬಂದೇ ಇಲ್ಲದ್ದು ಹೋಯಿತೆಂದು ಭೂತಕಾಲದಲ್ಲಿ ಹೇಳುವುದು ಹೇಗೆ? ಮದುವೆಯಾದ ಹೊಸತರಲ್ಲಿ ಇದನ್ನು ಅತ್ತೆಯವರಲ್ಲಿ ಕೇಳಿದ್ದೆ. ಅವರು "ಕಾಲೇಜಲ್ಲಿ ಇದ್ನೆಲ್ಲಾ ಹೇಳ್ಕೊಡ್ತೀರಾ?" ಎಂದು ಹುರುಳಿಕಾಯಿ ಬಿಡಿಸಲು ಹೋದರು. ಅಂದಿನಿಂದ ನಾನು ಬಿಡ್ತು ಅನ್ನುತ್ತೇನೆ, ಆದರೆ ಅವರು ಹೇಳಿಸಿದಾಗ ಮಾತ್ರ. ಸ್ವಂತ ಇಚ್ಛೆಯಿಂದ ಒಮ್ಮೆಯೂ ಅಂದವಳಲ್ಲ ಎಂಬುದು ನನ್ನ ಒಳಗಿನ ಜಂಬ.

ಕೊನೆಗೆ ಪಕ್ಕದ ರಸ್ತೆಯ ನಾಗೇಶ್ ಅಂಕಲ್‌ರನ್ನು ಕರೆಸಿದೆವು. ನಲವತ್ತು ವರ್ಷ ವಿಮೆಯಲ್ಲೇ ಇದ್ದು ನಿವೃತ್ತರಾಗಿ, ಮನೆಯಲ್ಲಿ ಕೂರಲಾರದೆ ಈಗ ಏಜೆಂಟ್ ಆಗಿರುವವರು. ಕಾಫಿ ಲೋಟ ಹಿಡಿದು ಶುರು ಮಾಡಿದರು.

"ನೋಡಮ್ಮ, ಈಗ ಹುಡುಗ ಸೈಕಲ್ಲಿಂದ ಬಿದ್ದ ಅಂತಿಟ್ಕೋ…"

"ಬಿಡ್ತು ಅನ್ನಿ," ಎಂದರು ಅತ್ತೆ.

"ಬಿಡ್ತು. ಇಲ್ಲಾ ಡೆಂಗ್ಯೂ ಬಂತು ಅಂತಿಟ್ಕೋ…"

"ಬಿಡ್ತು ಅನ್ನಿ ನಾಗೇಶ್ ಅವರೇ!"

"ಬಿಡ್ತು ಬಿಡ್ತು. ಅಕ್ಕಾ, ನೀವು ಹಿಂಗೆ ಬಿಡಿಸ್ತಾ ಹೋದ್ರೆ ನಾನು ಪಾಲಿಸಿ ಮಾರೋದು ಹೆಂಗೆ?"

"ಒಳ್ಳೇದಾಗೋ ತರ ಹೇಳಿ ಮಾರಿ."

ಅಂಕಲ್ ಪ್ರಾಮಾಣಿಕರು. ಇಳಾಳ ಉಬ್ಬಸದ ವಿಷಯ ನಾನು ತಗ್ಗಿದ ದನಿಯಲ್ಲಿ ಹೇಳಿದಾಗ, "ಅದನ್ನ ಮಾತ್ರ ಮುಚ್ಚಿಡಬೇಡಮ್ಮ. ಹೇಳಿದ್ರೆ ಆ ಒಂದು ಕಾಯಿಲೆಗೆ ಕೆಲವು ವರ್ಷ ಕಾಯೋಕೆ ಹೇಳ್ತಾರೆ. ಹೇಳದೇ ಹೋದ್ರೆ, ಬೇಕಾದ ದಿನ ಕೈ ಎತ್ತಿಬಿಡ್ತಾರೆ," ಎಂದರು. "ಕಾಯಿಲೆ ಅಲ್ಲೀವರೆಗೂ ಕಾಯ್ಕೊಂಡು ಕೂತಿರುತ್ತಂತಾ?" ಎಂದು ಅತ್ತೆ ಕೇಳಿದರು. ಅಂಕಲ್ ಕಾಫಿ ಲೋಟ ಕೆಳಗಿಟ್ಟು ಚೀಲದಿಂದ ಅರ್ಜಿ ತೆಗೆದರು.

ಮಾಡಿಸುವುದೆಂದು ತೀರ್ಮಾನವಾಯಿತು. ಅರ್ಜಿ ಹೋಯಿತು. ಅದರಲ್ಲಿ ಆರೋಗ್ಯದ ಪುಟ ಖಾಲಿ ಬಿಟ್ಟರೂ ಸರಿ, ಕಂಪನಿಯವರೇ ಫೋನ್ ಮಾಡಿ ಕೇಳಿ ಬರೆದುಕೊಳ್ಳುತ್ತಾರೆ ಎಂದಿದ್ದರು ಅಂಕಲ್. ಒಂದೊಂದು ಮಗುವಿಗೆ ಹತ್ತು ಪ್ರಶ್ನೆ. ಆ ಫೋನು ಬಂದದ್ದು ಶನಿವಾರ ಬೆಳಿಗ್ಗೆ, ನನ್ನ ಎರಡೂ ಕೈ ಚಪಾತಿ ಹಿಟ್ಟಿನಲ್ಲಿದ್ದಾಗ. ಚಿರಾಗ್ ಓಡಿಬಂದು ಸ್ಪೀಕರ್ ಒತ್ತಿ, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಹೋದ. ಆ ಕಡೆಯ ಹುಡುಗಿಯ ಕನ್ನಡ ಕಷ್ಟಪಟ್ಟು ಕಲಿತದ್ದು, ಪಾಪ, ಬಹಳ ವಿನಯದ್ದು.

"ಈ ಕಾಲ್ ರೆಕಾರ್ಡ್ ಆಗ್ತಾ ಇದೆ ಮ್ಯಾಮ್. ಮಗ ಚಿರಾಗ್‌ಗೆ ಹಾರ್ಟ್ ಪ್ರಾಬ್ಲಂ ಇದೆಯಾ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅತ್ತೆ ಚೀರಿದರು. "ಬಿಡ್ತು ಅನ್ನೇ!"

"ಬಿಡ್ತು," ಎಂದೆ.

"ಅಂದ್ರೆ… ಈಗ ಇಲ್ಲ ಅಲ್ವಾ ಮ್ಯಾಮ್?"

"ಈಗ ಇಲ್ಲ."

"ಓಕೆ ಮ್ಯಾಮ್. ಫಿಟ್ಸ್?"

"ಬಿಡ್ತು."

"ಕಿಡ್ನಿ?"

"ಬಿಡ್ತು."

ನಾಲ್ಕನೆಯದರ ಹೊತ್ತಿಗೆ ಒಂದು ಲಯ ಹಿಡಿದಿತ್ತು. ಅತ್ತೆ ಹೇಳಿಸುವ ಕಷ್ಟವೂ ತಪ್ಪಲಿ ಎಂದು ನಾನೇ ಥಟ್ಟನೆ ಅಂದುಬಿಡುತ್ತಿದ್ದೆ. ಹುಡುಗಿಯ ದನಿ ಮಾತ್ರ ಬರಬರುತ್ತಾ ಮೆತ್ತಗಾಯಿತು. ಕೊನೆಕೊನೆಗೆ, "ತುಂಬಾ ಧೈರ್ಯ ನಿಮ್ಮದು ಮ್ಯಾಮ್," ಎಂದಳು. ಹಿಟ್ಟು ನಾದುತ್ತಾ ಮಾತಾಡುತ್ತಿರುವುದು ಅವಳಿಗೆ ಹೇಗೆ ಗೊತ್ತಾಯಿತೆಂದು ಆಶ್ಚರ್ಯಪಟ್ಟೆ. ಇಳಾಳ ಸರದಿಯ ಕೊನೆಯಲ್ಲಿ ಆ ಪ್ರಶ್ನೆ ಬಂತು.

"ಉಬ್ಬಸ, ವೀಜಿಂಗ್, ಏನಾದ್ರೂ?"

ಹೌದು ಎನ್ನಬೇಕಿತ್ತು. ಅಂಕಲ್ ಹೇಳಿದ್ದೂ ಅದನ್ನೇ, ನಾನು ಕಲಿತ ವಿದ್ಯೆ ಹೇಳುವುದೂ ಅದನ್ನೇ. ಅತ್ತೆ ತುರಿಯುವುದನ್ನು ನಿಲ್ಲಿಸಿ ಮೆಲ್ಲಗೆ, "ಅದು ಬರೀ ಶೀತ ಕಣೇ. ಮಗೂಗೆ ಕಾಯಿಲೆ ಹೆಸರು ಕಟ್ಟಬೇಡ. ನಾಳೆ ಎಲ್ಲಿ ಹೋದ್ರೂ ಅದೇ ಹೆಸರಲ್ಲಿ ಕರೀತಾರೆ," ಎಂದರು. ಕಿಟಕಿ ತೆರೆದಿತ್ತು, ಎದುರು ಮನೆಯವರು ಬಟ್ಟೆ ಒಣಹಾಕುತ್ತಿದ್ದರು, ಫೋನು ಸ್ಪೀಕರಿನಲ್ಲಿತ್ತು. ಲಿಫ್ಟಿನಲ್ಲಿ ಮೂಗು ಮುಚ್ಚುವವಳು ನನ್ನೊಳಗೆ ಎದ್ದು ನಿಂತಳು. "ಇಲ್ಲ," ಎಂದೆ. ಬಿಡ್ತು ಕೂಡ ಅನ್ನಲಿಲ್ಲ. ಅಂದು ಮಧ್ಯಾಹ್ನ ಇಳಾ ಮಹಡಿ ಮೆಟ್ಟಿಲು ಹತ್ತುವಾಗಲೆಲ್ಲ ಅವಳ ಎದೆಗೆ ಕಿವಿಗೊಟ್ಟುಕೊಂಡು ಹಿಂದೆ ಹಿಂದೆ ನಡೆದೆ.

ಹತ್ತು ದಿನಕ್ಕೆ ಪತ್ರ ಬಂತು. ನಮ್ಮ ಇಬ್ಬರು ಮಕ್ಕಳಿಗೂ ವಿಮೆ ಕೊಡುವ ಸ್ಥಿತಿಯಲ್ಲಿ ತಾವಿಲ್ಲವೆಂದು ಕಂಪನಿ ಬಹಳ ಮರುಕದಿಂದ ತಿಳಿಸಿತ್ತು. ಜೊತೆಗಿದ್ದ ಪಟ್ಟಿಯನ್ನು ಮಧು ಜೋರಾಗಿ ಓದಿದ. ಚಿರಾಗ್: ಹೃದಯದ ತೊಂದರೆ, ಇತ್ತು, ಈಗ ಬಿಟ್ಟಿದೆ. ಮೂರ್ಛೆ, ಇತ್ತು, ಈಗ ಬಿಟ್ಟಿದೆ. ಮೂತ್ರಪಿಂಡ, ಇತ್ತು, ಈಗ ಬಿಟ್ಟಿದೆ. ಹೀಗೆ ಹತ್ತು. ನಮ್ಮ ಮಗ ಆ ಹೊತ್ತಿನಲ್ಲಿ ಸೋಫಾದ ಮೇಲಿಂದ ದಿಂಬಿನ ಮೇಲೆ ಹಾರುತ್ತಿದ್ದ. ಇಳಾಳಿಗೆ ಒಂಬತ್ತು. ಮಧು ಕಣ್ಣೊರೆಸಿಕೊಂಡು, "ಮಗಾ, ಇಷ್ಟೆಲ್ಲಾ ಗೆದ್ದು ಬಂದಿದೀಯಲ್ಲೋ!" ಎಂದು ಚಿರಾಗ್‌ನ ಬೆನ್ನು ತಟ್ಟಿದ. ಅತ್ತೆ ದೇವರ ಕೋಣೆಗೆ ಓಡಿ ಹೋಗಿ ಪಟ್ಟಿಗೆ ಒಟ್ಟಾರೆಯಾಗಿ ಬಿಡ್ತು ಅಂದು ಬಂದರು.

ನನಗೆ ನಗು ಬಂದದ್ದು ಕೊನೆಯ ಸಾಲಿನವರೆಗೆ ಮಾತ್ರ. ಇಳಾ, ಉಬ್ಬಸ: ಎಂದೂ ಇಲ್ಲ. ಇಪ್ಪತ್ತು ಉತ್ತರಗಳಲ್ಲಿ ಹತ್ತೊಂಬತ್ತು ಇಲ್ಲದ ಕಾಯಿಲೆಗಳು, ಇರುವ ಒಂದೇ ಒಂದಕ್ಕೆ ಇಲ್ಲ. ಪ್ರಶ್ನೆಪತ್ರಿಕೆ ಓದದೆ ಹೌದು, ಇಲ್ಲ ಎಂದು ಗೀಚಿಬರುವ ನನ್ನ ವಿದ್ಯಾರ್ಥಿಗಳಿಗೂ ಅರ್ಧದಷ್ಟಾದರೂ ಸರಿ ಬರುತ್ತದೆ. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪಾಗಬೇಕಾದರೆ ಅವರ ಮೇಡಮ್ಮೇ ಪರೀಕ್ಷೆಗೆ ಕೂರಬೇಕು. ಹತ್ತೊಂಬತ್ತು ತಪ್ಪು ಆ ಹುಡುಗಿಯ ಕನ್ನಡದ್ದು ಎನ್ನಬಹುದು. ಇಪ್ಪತ್ತನೆಯದು ಯಾರ ಕನ್ನಡದ್ದೂ ಅಲ್ಲ, ನನ್ನದೇ.

ಬಿಡ್ತು ಶಬ್ದದ ಅರ್ಥ, ಬಳಕೆ ಮತ್ತು ಸಂದರ್ಭವನ್ನು ವಿವರಿಸಿ ಒಂದೂವರೆ ಪುಟದ ಪತ್ರ ಬರೆದೆ. ಕೊನೆಯ ಪ್ಯಾರಾದಲ್ಲಿ ಕಗ್ಗದಾಸಪುರದ ಮಣ್ಣಿನ ಗುಡ್ಡೆಯಿಂದ ಹಿಡಿದು ನೆಬ್ಯುಲೈಸರಿನವರೆಗೆ ಎಲ್ಲವನ್ನೂ ಬರೆದು, ಆಸ್ಪತ್ರೆಯ ಚೀಟಿ ಲಗತ್ತಿಸಿದೆ. ಕಂಪನಿಯ ಇಂದಿರಾನಗರದ ಕಚೇರಿಗೆ ನಾನೊಬ್ಬಳೇ ಹೋದೆ. ಅತ್ತೆ ಹೊರಟು ನಿಂತಿದ್ದರು. ಮಕ್ಕಳು ಸ್ಕೂಲಿಂದ ಬರುತ್ತಾರೆ ಎಂದು ನೆಪ ಹೇಳಿ ಬಿಟ್ಟುಹೋದೆ. ಅವರು ಬಾಗಿಲವರೆಗೂ ಬಂದು, "ಹೇಳ್ಬೇಕಾದ್ದು ಹೇಳು ಹೋಗು. ಆ ಕೊಳಲು ನಂಗೂ ಕೇಳ್ಸುತ್ತೆ," ಎಂದರು.

ಕಚೇರಿಯಲ್ಲಿ ನನ್ನ ಪತ್ರ ಓದಿದ್ದು ಚಿಕ್ಕ ವಯಸ್ಸಿನ ಅಧಿಕಾರಿಣಿ. ನಗು ತಡೆದುಕೊಳ್ಳಲು ಎರಡು ಸಲ ನೀರು ಕುಡಿದಳು. "ನಮ್ಮಜ್ಜೀನೂ ಹಿಂಗೇ ಮೇಡಂ, ಕೆ.ಆರ್. ಪುರದಲ್ಲಿ. ನಾನು ಈ ಕೆಲಸಕ್ಕೆ ಸೇರಿದೀನಿ ಅಂತ ದಿನಾ ಮೂರು ಸಲ ಅನ್ನಿಸ್ತಾರೆ," ಎಂದಳು. ಆಮೇಲೆ ಗಂಭೀರವಾಗಿ ಹೇಳಿದಳು, "ಇನ್ನೊಂದು ಸಲ ರೆಕಾರ್ಡ್ ಮಾಡ್ಬೇಕು. ಹೌದು, ಇಲ್ಲ, ಎರಡೇ ಮಾತು. ಬೇರೆ ಏನೂ ಬೇಡ ಮೇಡಂ, ದಯವಿಟ್ಟು."

ಪ್ರಶ್ನೆಗಳು ಶುರುವಾದವು. ಇಲ್ಲ, ಇಲ್ಲ, ಇಲ್ಲ. ಎಷ್ಟು ಸುಲಭದ ಶಬ್ದ ಎಂದುಕೊಂಡಿದ್ದೆ! ಪ್ರತಿಯೊಂದು 'ಇಲ್ಲ' ಹೇಳಿದ ಮೇಲೂ ನಾಲಿಗೆಯ ತುದಿಯಲ್ಲಿ ಏನೋ ಉಳಿದುಕೊಂಡು ಚುಚ್ಚುತ್ತಿತ್ತು. ಪ್ರತಿ ಸಲವೂ ಅದನ್ನು ನುಂಗಿಕೊಂಡೆ. ಕೊನೆಗೆ ಅದೇ ಪ್ರಶ್ನೆ. ಉಬ್ಬಸ? "ಹೌದು," ಎಂದೆ. ನನ್ನ ದನಿ ಆ ಕೋಣೆಗೆಲ್ಲ ಕೇಳಿಸಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು, ನಾನು ದುಪಟ್ಟಾ ಮುಟ್ಟಲಿಲ್ಲ. "ಇಬ್ಬರಿಗೂ ಆಗುತ್ತೆ ಮೇಡಂ. ಪಾಪೂಗೆ ಆ ಒಂದಕ್ಕೆ ಮಾತ್ರ ಸ್ವಲ್ಪ ವರ್ಷ ಕಾಯ್ಬೇಕು," ಎಂದು ಬರೆದುಕೊಂಡಳು.

ಆಮೇಲೆ ಗುಂಡಿ ಒತ್ತಿ, ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದಳು. "ರೆಕಾರ್ಡಿಂಗ್ ನಿಂತಿದೆ ಮೇಡಂ. ಈಗ ಬೇಕಾದ್ರೆ ಅಂದ್ಕೊಳ್ಳಿ."

ನನಗೆ ಅದೆಲ್ಲ ನಂಬಿಕೆಯಿಲ್ಲ, ನಾನು ಸಂಖ್ಯಾಶಾಸ್ತ್ರ ಕಲಿಸುವವಳು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಬೇಕೆಂದೇ ಕಡತ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದಳು. ನಾನು ಬೆರಳು ಮಡಿಸಿ ಎಣಿಸುತ್ತಾ, ತುಟಿ ಅಲುಗದ ಹಾಗೆ, ಹತ್ತೊಂಬತ್ತು ಸಲ ಅಂದೆ. ಒಂದೂ ತಪ್ಪಲಿಲ್ಲ. ಇಪ್ಪತ್ತನೆಯದಕ್ಕೆ ಬಂದಾಗ ಮಾತ್ರ ಸ್ವಲ್ಪ ತಡೆದು, ವ್ಯಾಕರಣವನ್ನೆಲ್ಲ ಪಕ್ಕಕ್ಕಿಟ್ಟು, ಆ ಫೋನಿನ ಹುಡುಗಿ ಮಾಡಿಕೊಂಡ ಅರ್ಥದಲ್ಲೇ ಆಗಲಿ ಎಂದುಕೊಂಡು, ಅದನ್ನೊಂದನ್ನು ಗಟ್ಟಿಯಾಗಿಯೇ ಅಂದೆ. ಬಿಡ್ತು.